ಬದುಕಿದವಳಿಗೂ ಬೇಕು ಒಂದು ಪಂಚನಾಮೆ

ಮದುವೆಯಾದ ಏಳು ವರ್ಷಗಳೊಳಗೆ ಹೆಣ್ಣುಮಗಳೊಬ್ಬಳು ಅಸಹಜವಾಗಿ ಸತ್ತರೆ ನಮ್ಮ ಕಾನೂನು ಎಚ್ಚೆತ್ತುಕೊಳ್ಳುತ್ತದೆ. ಪೊಲೀಸರ ವರದಿಯೊಂದೇ ಸಾಲದೆಂದು ಕಾರ್ಯನಿರ್ವಾಹಕ ದಂಡಾಧಿಕಾರಿ, ಅಂದರೆ ಸಾಮಾನ್ಯವಾಗಿ ತಾಲ್ಲೂಕಿನ ತಹಶೀಲ್ದಾರ, ಶವ ಪಂಚನಾಮೆ ನಡೆಸಬೇಕು. 1983ರ ತಿದ್ದುಪಡಿಯಿಂದ ಬಂದ ಈ ವ್ಯವಸ್ಥೆ, ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದ ಮೇಲೂ ಉಳಿದುಕೊಂಡಿದೆ. ಸಿರುಗುಪ್ಪದಲ್ಲಿ ತಹಶೀಲ್ದಾರನಾಗಿದ್ದ ಅವಧಿಯಲ್ಲಿ ಇಂಥ ಪಂಚನಾಮೆಗಳನ್ನು ನಾನೂ ನಡೆಸಿದ್ದೇನೆ. ಬಾವಿಯ ದಂಡೆಯಲ್ಲಿ, ಆಸ್ಪತ್ರೆಯ ಶವಾಗಾರದ ಹೊರಗೆ, ಭತ್ತದ ಗದ್ದೆಗಳ ನಡುವಣ ಕ್ಯಾಂಪುಗಳ ಗುಡಿಸಲ ಮುಂದೆ ಕುರ್ಚಿ ಹಾಕಿಸಿಕೊಂಡು ಕುಳಿತರೆ, ಗ್ರಾಮ ಲೆಕ್ಕಿಗರು ಹೇಳಿಕೆಗಳನ್ನು ಬರೆದುಕೊಳ್ಳುತ್ತಿದ್ದರು. ಅರ್ಧ ಕನ್ನಡ, ಅರ್ಧ ತೆಲುಗು.

ಕೇಳಬೇಕಾದ ಪ್ರಶ್ನೆಗಳು ಹೆಚ್ಚೇನಿರಲಿಲ್ಲ. ಮದುವೆಯಲ್ಲಿ ಏನು ಕೊಟ್ಟಿರಿ? ಎಷ್ಟು ತೊಲ ಬಂಗಾರ? ಮೊದಲ ಸಲ ಹೊಡೆದದ್ದು ಯಾವಾಗ? ತವರಿಗೆ ಎಷ್ಟು ಸಲ ಬಂದಿದ್ದಳು? ತಿಳಿಹೇಳಿ ವಾಪಸು ಕಳಿಸಿದವರು ಯಾರು? ಪಂಚಾಯಿತಿ ಕೂಡಿತ್ತೇ, ಕೂಡಿದ್ದರೆ ಹಿರಿಯರು ಏನೆಂದರು? ಎರಡು ಮೂರು ತಾಸಿನಲ್ಲಿ ಒಂದು ದಾಂಪತ್ಯದ ಇಡೀ ಚರಿತ್ರೆ ಕಾಗದದ ಮೇಲೆ ಇಳಿದುಬಿಡುತ್ತಿತ್ತು. ಅದು ಊರಿಗೆಲ್ಲ ಮೊದಲೇ ಗೊತ್ತಿದ್ದ ಚರಿತ್ರೆ. ಸರ್ಕಾರದ ಪರವಾಗಿ ಒಬ್ಬನು ಬಂದು ಕೇಳಬೇಕಿತ್ತು, ಅಷ್ಟೆ.

ಅದೇ ಮನೆಯಲ್ಲಿ, ಅದೇ ಹಿಂಸೆಯ ಕೊನೆಗೆ, ಸತ್ತವನು ಗಂಡನಾದರೆ? ಆಗ ತಹಶೀಲ್ದಾರರು ಬರುವುದಿಲ್ಲ. ಸತ್ತವನ ಅಣ್ಣನೋ ತಮ್ಮನೋ ಫಿರ್ಯಾದುದಾರನಾಗುತ್ತಾನೆ. ಪೊಲೀಸರಿಗೆ ಆಯುಧ ಸಿಕ್ಕಿದೆ, ಆರೋಪಿ ಓಡಿಹೋಗಿಲ್ಲ, ಎಷ್ಟೋ ಸಲ ಅವಳೇ ಠಾಣೆಗೆ ನಡೆದು ಬಂದಿದ್ದಾಳೆ. ದೋಷಾರೋಪ ಪಟ್ಟಿಗೆ ಬೇಕಾದದ್ದೆಲ್ಲ ಇದೆ. ಹಿಂದಿನ ವರ್ಷಗಳಲ್ಲಿ ಆ ಮನೆಯೊಳಗೆ ಏನಾಯಿತೆಂದು ಬರೆದುಕೊಳ್ಳುವ ಹೊಣೆ ಯಾರ ಮೇಲೂ ಇಲ್ಲ. ವರದಕ್ಷಿಣೆ ಸಾವಿನ ಕಲಮು 1986ರಲ್ಲಿ ಬಂದಾಗ, ಸಾವಿಗೆ ಮುಂಚೆ ವರದಕ್ಷಿಣೆಗಾಗಿ ಹಿಂಸೆ ನಡೆದದ್ದು ಸಾಬೀತಾದರೆ ಗಂಡನೇ ಹೊಣೆಯೆಂದು ನ್ಯಾಯಾಲಯ ಭಾವಿಸಬೇಕೆಂಬ ನಿಯಮವೂ ಜೊತೆಗೆ ಬಂತು. ಸತ್ತ ಹೆಂಡತಿಯ ಪರವಾಗಿ ಕಾನೂನು ಇಷ್ಟು ದೂರ ನಡೆದಿದೆ. ಬದುಕಿ ಉಳಿದವಳ ವಿಷಯದಲ್ಲಿ ಅದು ಮೊದಲ ಹೆಜ್ಜೆಯನ್ನೂ ಇಟ್ಟಿಲ್ಲ ಎಂಬುದು ಈ ಲೇಖನದ ತಕರಾರು.

ಮುಂದೆ, ಕಾರಾಗೃಹಗಳ ಅಧಿಕೃತ ಸಂದರ್ಶಕನಾಗಿ ಒಂದು ಮಹಿಳಾ ವಿಭಾಗಕ್ಕೆ ಹೋಗುವ ಅವಕಾಶ ನನಗೆ ಒದಗಿತ್ತು. ಅಲ್ಲಿ ಕುರುಗೋಡು ಸೀಮೆಯ ಒಬ್ಬ ಹೆಣ್ಣುಮಗಳಿದ್ದಳು. ಗುರುತು ಹತ್ತಬಾರದೆಂದು ಊರನ್ನೂ ವರ್ಷವನ್ನೂ ಬಿಟ್ಟಿದ್ದೇನೆ. ಕುರುಗೋಡು ಆಗಿನ್ನೂ ಬಳ್ಳಾರಿ ತಾಲ್ಲೂಕಿನ ಹೋಬಳಿಯಾಗಿತ್ತು ಎಂದಷ್ಟೇ ಹೇಳಬಲ್ಲೆ. ಮೆಣಸಿನಕಾಯಿ ಬಿಡಿಸುವ ಕೂಲಿ. ಕುಡುಕ ಗಂಡ, ನಿತ್ಯದ ಹೊಡೆತ, ಎರಡು ಸಲ ಮುರಿದು ಕೂಡಿದ ಕೈ. ಒಂದು ಸಂಜೆ ಎರಡು ಮಕ್ಕಳನ್ನು ಸೊಂಟಕ್ಕೆ ಸೀರೆಯಿಂದ ಕಟ್ಟಿಕೊಂಡು ಬಾವಿಗೆ ಬಿದ್ದಳು. ಪಕ್ಕದ ಹೊಲದವರು ಅವಳನ್ನು ಎತ್ತಿದರು. ಮಕ್ಕಳು ಉಳಿಯಲಿಲ್ಲ. ಎರಡು ಕೊಲೆಗಳಿಗೆ ಜೀವಾವಧಿ, ಆತ್ಮಹತ್ಯೆ ಯತ್ನಕ್ಕೆ ಬೇರೆ ಶಿಕ್ಷೆ. ಗಂಡ ಪ್ರಾಸಿಕ್ಯೂಷನ್ ಸಾಕ್ಷಿ. ಈ ಹೊಡೆತ ಬಡಿತದ ವಿಷಯ ಕೋರ್ಟಿನಲ್ಲಿ ಹೇಳಿದೆಯೇನಮ್ಮ ಎಂದು ಕೇಳಿದೆ. "ಯಾರು ಕೇಳಿದ್ರು ಸಾಹೇಬ್ರೆ? ಮಕ್ಕಳನ್ನ ಕಟ್ಟಿಕೊಂಡು ಬಿದ್ದದ್ದು ಹೌದಾ ಅಂದ್ರು, ಹೌದು ಅಂದೆ" ಎಂದಳು.

ನಮ್ಮ 'ಕೆರೆಗೆ ಹಾರ'ದ ಭಾಗೀರಥಿ ಸತ್ತಳು, ಆದ್ದರಿಂದ ಅವಳ ಮೇಲೆ ಹಾಡು ಕಟ್ಟಿದೆವು. ತಮಿಳರ ನಲ್ಲತಂಗಾಳ್ ಏಳು ಮಕ್ಕಳೊಡನೆ ಬಾವಿಗೆ ಬಿದ್ದ ಜನಪದ ನಾಯಕಿ. ಅವಳ ಹೆಸರು ಹಾಡಿನಿಂದ ಇಳಿದು ನ್ಯಾಯಶಾಸ್ತ್ರವನ್ನು ಸೇರಿತೆಂಬುದು ಹೆಚ್ಚಿನವರಿಗೆ ತಿಳಿದಿರಲಾರದು. 1989ರಲ್ಲಿ ಮದ್ರಾಸ್ ಹೈಕೋರ್ಟು ಸುಯಂಬುಕ್ಕನಿ ಪ್ರಕರಣದಲ್ಲಿ, ಮಕ್ಕಳೊಡನೆ ಬಾವಿಗೆ ಬಿದ್ದು ತಾನು ಮಾತ್ರ ಬದುಕಿದ ತಾಯಿಯ ಮನಃಸ್ಥಿತಿಯನ್ನು 'ನಲ್ಲತಂಗಾಳ್ ಲಕ್ಷಣ'ವೆಂದು ಗುರುತಿಸಿ, ಕೊಲೆಯ ಅಪರಾಧವನ್ನು ಕೊಲೆಯಲ್ಲದ ನರಹತ್ಯೆಯೆಂದು ಇಳಿಸಿತು. ಅದಕ್ಕೆ ಅದು ಬಳಸಿದ ತತ್ವ 'ನಿರಂತರ ಪ್ರಚೋದನೆ'. ವರ್ಷಗಟ್ಟಲೆ ನಡೆದ ಕೃತ್ಯಗಳ ಸರಣಿಯಲ್ಲಿ ಕೊನೆಯದು ತೀರ ಕ್ಷುಲ್ಲಕವಾಗಿರಬಹುದು. ತುಂಬಿದ ಕೊಡ ಹೊರಚೆಲ್ಲುವುದಕ್ಕೆ ಒಂದು ಹನಿ ಸಾಕು. ಗುವಾಹಟಿ ಹೈಕೋರ್ಟು 2013ರಲ್ಲಿ ಮಂಜು ಲಾಕ್ರಾ ಪ್ರಕರಣದಲ್ಲಿ, ಗಂಡನ ದೀರ್ಘಕಾಲದ ಹಿಂಸೆಯನ್ನು ಪರಿಗಣಿಸಿ ಇದೇ ರೀತಿ ಅಪರಾಧದ ತೀವ್ರತೆಯನ್ನು ತಗ್ಗಿಸಿತು. ಅಂದರೆ ದಾರಿ ಇದೆ. ಅದು ಅಧೀನ ನ್ಯಾಯಾಲಯದ ವಕೀಲರವರೆಗೆ ತಲುಪಿಲ್ಲ.

ದಾರಿ ಕಿರಿದಾಗಿರುವುದಕ್ಕೆ ಕಾರಣ ಒಂದೇ ಒಂದು ಪದ. 1860ರ ದಂಡ ಸಂಹಿತೆಯ 300ನೆಯ ಕಲಮಿನ ಮೊದಲ ವಿನಾಯಿತಿಯ ಪ್ರಕಾರ 'ತೀವ್ರ ಮತ್ತು ಹಠಾತ್' ಪ್ರಚೋದನೆಯಿಂದ ಸಂಯಮ ಕಳೆದುಕೊಂಡವನು ಮಾಡಿದ ಹತ್ಯೆ ಕೊಲೆಯಲ್ಲ. ಇದರ ವ್ಯಾಖ್ಯಾನಕ್ಕೆ ಇಂದಿಗೂ ಆಧಾರವಾಗಿರುವುದು 1961ರ ನಾನಾವತಿ ತೀರ್ಪು. ಹೆಂಡತಿಯ ಪರಪುರುಷ ಸಂಬಂಧ ತಿಳಿದ ನೌಕಾಪಡೆಯ ಅಧಿಕಾರಿ ಹಡಗಿಗೆ ಹೋಗಿ ರಿವಾಲ್ವರ್ ತಂದು ಗುಂಡು ಹಾರಿಸಿದ ಪ್ರಕರಣ ಅದು. ಆರಿ ತಣ್ಣಗಾಗುವಷ್ಟು ಸಮಯ ಅವನಿಗಿತ್ತು, ಆದ್ದರಿಂದ ಹಠಾತ್ ಅಲ್ಲ ಎಂದಿತು ಸುಪ್ರೀಂ ಕೋರ್ಟು. ಆ ಪ್ರಕರಣದ ಮಟ್ಟಿಗೆ ತೀರ್ಪು ಸರಿಯೇ. ಆದರೆ ಆ ಅಳತೆಗೋಲನ್ನು ಹೆಂಗಸಿಗೆ ಹಿಡಿದು ನೋಡಿ. ಗಂಡ ಹೊಡೆಯುವ ಕ್ಷಣದಲ್ಲಿ ಅವಳು ತಿರುಗಿ ಬೀಳಲಾರಳು. ಬಿದ್ದರೆ ಸಾಯುವವಳು ಅವಳೇ. ಅವನು ಕುಡಿದು ಮಲಗಿದ ಮೇಲೆ ಅವಳ ಕೈಗೆ ಒನಕೆಯೋ ಕೊಡಲಿಯೋ ಬರುತ್ತದೆ. ಆ ಎರಡು ತಾಸಿನ ಅಂತರವನ್ನು ಕಾನೂನು 'ಪೂರ್ವಯೋಜನೆ' ಎಂದು ಓದಿಕೊಳ್ಳುತ್ತದೆ. ದೇಹಬಲದ ವ್ಯತ್ಯಾಸದಿಂದ ಹುಟ್ಟಿದ ಕಾಯುವಿಕೆ ಹೀಗೆ ಅವಳಿಗೆ ಮುಳುವಾಗುತ್ತದೆ.

ಈ ಪದವನ್ನು ನಮಗೆ ಕೊಟ್ಟ ಇಂಗ್ಲೆಂಡೇ ಅದನ್ನು ಕೈಬಿಟ್ಟಿದೆ. ಪಂಜಾಬಿ ಮೂಲದ ಕಿರಣ್‌ಜಿತ್ ಅಹ್ಲುವಾಲಿಯಾ ಹತ್ತು ವರ್ಷಗಳ ಹಿಂಸೆಯ ನಂತರ 1989ರಲ್ಲಿ ಮಲಗಿದ್ದ ಗಂಡನಿಗೆ ಬೆಂಕಿ ಹಚ್ಚಿ ಕೊಲೆಯ ಅಪರಾಧಿಯಾದರು. ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಎಂಬ ಸಂಘಟನೆ ಅವರ ಬೆನ್ನಿಗೆ ನಿಂತಿತು. 1992ರಲ್ಲಿ ಮೇಲ್ಮನವಿ ನ್ಯಾಯಾಲಯ ಕೊಲೆಯ ತೀರ್ಪನ್ನು ರದ್ದುಮಾಡಿತು. ಆ ಚರ್ಚೆ ಮುಂದುವರಿದು 2009ರಲ್ಲಿ ಅಲ್ಲಿನ ಸಂಸತ್ತು ಹಳೆಯ 'ಪ್ರಚೋದನೆ'ಯ ನಿಯಮವನ್ನೇ ತೆಗೆದು, ಸಂಯಮ ತಪ್ಪುವುದು ಹಠಾತ್ತಾಗಿಯೇ ಇರಬೇಕಿಲ್ಲವೆಂದು ಬರೆಯಿತು. ನಾವು 2023ರಲ್ಲಿ ವಸಾಹತುಶಾಹಿಯ ಗುರುತುಗಳನ್ನು ಅಳಿಸುತ್ತೇವೆಂದು ಭಾರತೀಯ ನ್ಯಾಯ ಸಂಹಿತೆಯನ್ನು ತಂದೆವು. ಅದರ 101ನೆಯ ಕಲಮಿನಲ್ಲಿ 'ತೀವ್ರ ಮತ್ತು ಹಠಾತ್' ಹಾಗೆಯೇ ಕುಳಿತಿದೆ.

ಹಾಗೆಂದು ಎಲ್ಲಕ್ಕೂ ಕಾನೂನಿನ ತಿದ್ದುಪಡಿಗಾಗಿ ಕಾಯಬೇಕಿಲ್ಲ. 2012ರ ಫೆಬ್ರುವರಿಯಲ್ಲಿ ಮಧುರೈಯಲ್ಲಿ ಒಬ್ಬ ತಾಯಿ, ತನ್ನ ಮಗಳ ಮೇಲೆ ಎರಗಿದ ಗಂಡನನ್ನು ಹೊಡೆದಾಗ ಅವನು ಸತ್ತ. ಅಂದಿನ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಅಸ್ರಾ ಗರ್ಗ್ ನಡೆದದ್ದನ್ನು ವಿಚಾರಿಸಿ, ದಂಡ ಸಂಹಿತೆಯ 100ನೆಯ ಕಲಮಿನ ಆತ್ಮರಕ್ಷಣೆಯ ಹಕ್ಕು ಅನ್ವಯಿಸುತ್ತದೆಂದು ತೀರ್ಮಾನಿಸಿ ಆಕೆಯನ್ನು ಬಿಟ್ಟು ಕಳಿಸಿದರು. ಕಲಮು ನೂರೈವತ್ತು ವರ್ಷಗಳಿಂದ ಪುಸ್ತಕದಲ್ಲಿತ್ತು. ಹಿನ್ನೆಲೆಯನ್ನು ಮೊದಲ ದಿನವೇ ಕೇಳಿದ ಅಧಿಕಾರಿ ಇದ್ದುದು ಅಲ್ಲಿನ ವಿಶೇಷ.

ಕೇಳುವವರು ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಅಂಕಿಅಂಶಗಳತ್ತ ನೋಡುತ್ತೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ (2019-21) 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಗಂಡನ ಹಿಂಸೆ ಅನುಭವಿಸಿದವರು ಕರ್ನಾಟಕದಲ್ಲಿ ಶೇ 44.4. ಇಡೀ ದೇಶದಲ್ಲಿ ನಮ್ಮದೇ ಅತ್ಯಧಿಕ. ದೇಶದ ಸರಾಸರಿ ಶೇ 29.3. ನಾಲ್ಕು ವರ್ಷ ಹಿಂದಿನ ಸುತ್ತಿನಲ್ಲಿ ನಮ್ಮದು ಶೇ 20.6 ಇತ್ತು. ಏರಿದ್ದು ಹಿಂಸೆಯೋ ಅದನ್ನು ಹೇಳಿಕೊಳ್ಳುವ ಧೈರ್ಯವೋ ಎಂದು ಪರಿಣತರು ವಾದಿಸಲಿ. ಅದೇ ಸಮೀಕ್ಷೆಯ ಪ್ರಕಾರ ಹಿಂಸೆಗೊಳಗಾದವರಲ್ಲಿ ನೆರವು ಕೋರಿದವರು ದೇಶದಲ್ಲಿ ಶೇ 14 ಮಾತ್ರ. ಇನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಕಾರಾಗೃಹ ವರದಿಯಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ ಮಹಿಳೆಯರು 23,772. ನಾಲ್ಕರಲ್ಲಿ ಮೂವರು ವಿಚಾರಣಾಧೀನರು. 1,537 ತಾಯಂದಿರ ಜೊತೆ 1,764 ಮಕ್ಕಳೂ ಒಳಗಿದ್ದರು. ಈ ವರದಿ ಕೈದಿಗಳನ್ನು ವಯಸ್ಸು, ಓದು, ಜಾತಿ, ಧರ್ಮ, ಅಪರಾಧದ ಕಲಮು ಎಂದೆಲ್ಲ ವಿಂಗಡಿಸುತ್ತದೆ. ಒಳಗೆ ಬರುವ ಮುಂಚೆ ಇವಳು ಹಿಂಸೆಗೊಳಗಾದವಳೇ ಎಂಬ ಅಂಕಣ ಅದರಲ್ಲಿಲ್ಲ. ಸರ್ಕಾರಿ ಕಚೇರಿಗಳಲ್ಲಿ ಮೂರು ದಶಕ ಕಳೆದವನ ಅನುಭವದ ಮಾತು: ನಮೂನೆಯಲ್ಲಿ ಅಂಕಣವಿಲ್ಲದ ಸಂಗತಿ ಸರ್ಕಾರದ ಪಾಲಿಗೆ ಲೋಕದಲ್ಲೂ ಇಲ್ಲ.

ಇಲ್ಲಿ ಒಂದು ತೊಡಕಿದೆ. ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಹಿಂಸೆಯ ಚರಿತ್ರೆ ಎರಡು ಅಲಗಿನ ಕತ್ತಿ. 'ಗಂಡ ದಿನವೂ ಹೊಡೆಯುತ್ತಿದ್ದ' ಎಂದು ಆರೋಪಿ ಹೇಳಿದ ಕೂಡಲೇ ಸರ್ಕಾರಿ ವಕೀಲರು ಅದನ್ನೇ ಕೊಲೆಯ ಉದ್ದೇಶವೆಂದು ಎತ್ತಿಕೊಳ್ಳುತ್ತಾರೆ. ಆದ್ದರಿಂದ ಅವಳ ವಕೀಲರು ಸುರಕ್ಷಿತ ದಾರಿ ಹಿಡಿದು 'ಎಲ್ಲವೂ ಸುಳ್ಳು, ನಾನು ಮನೆಯಲ್ಲೇ ಇರಲಿಲ್ಲ' ಎಂದು ಹೇಳಿಸುತ್ತಾರೆ. ಅಲ್ಲವೆಂದು ನಿರಾಕರಿಸಿದವಳು ಮತ್ತೆ 'ಮಾಡಿದೆ, ಆದರೆ ಇಂಥ ಸ್ಥಿತಿಯಲ್ಲಿ ಮಾಡಿದೆ' ಎಂದು ವಾದಿಸುವುದು ಕಷ್ಟ. ಸಾಕ್ಷ್ಯ ಬಲವಾಗಿದ್ದರೆ ನಿರಾಕರಣೆ ಬಿದ್ದುಹೋಗುತ್ತದೆ. ಉಳಿಯುವುದು ಬರಿಯ ಕೊಲೆ. ಕೊಲೆಗೆ ನ್ಯಾಯಾಧೀಶರ ಮುಂದಿರುವುದು ಎರಡೇ ಆಯ್ಕೆ, ಮರಣದಂಡನೆ ಅಥವಾ ಜೀವಾವಧಿ. ಕೊಲೆಯಲ್ಲದ ನರಹತ್ಯೆಯಾದರೆ ಹತ್ತು ವರ್ಷದೊಳಗಿನ ಶಿಕ್ಷೆಗೂ ಅವಕಾಶವಿದೆ. ಬದುಕಿನ ಎಷ್ಟು ಭಾಗ ಗೋಡೆಯೊಳಗೆ ಕಳೆಯಬೇಕೆಂಬುದು, ವಿಚಾರಣೆಯ ಆರಂಭದಲ್ಲಿ ವಕೀಲರು ಅವಳೊಡನೆ ಕಳೆದ ಅರ್ಧ ಗಂಟೆಯ ಮೇಲೆ ನಿಂತಿರುತ್ತದೆ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಆದಾಯ ಎಷ್ಟೇ ಇರಲಿ ಮಹಿಳೆಗೂ ಬಂಧನದಲ್ಲಿರುವವರಿಗೂ ಉಚಿತ ವಕೀಲರು ಸಿಗಬೇಕು. ಸಿಗುತ್ತಾರೆ ಕೂಡ. ಆ ಅರ್ಧ ಗಂಟೆ ಸಿಗುವುದಿಲ್ಲ.

ಜಾಮೀನಿನ ಮಾತೂ ಅಷ್ಟೆ. ಗಂಭೀರ ಪ್ರಕರಣಗಳಲ್ಲೂ ಮಹಿಳೆಯೆಂಬ ಕಾರಣಕ್ಕೆ ಜಾಮೀನು ಕೊಡಲು ಅವಕಾಶವಿದೆ. ಆದರೆ ಜಾಮೀನುದಾರ ಪಹಣಿ ತರಬೇಕು. ಪಹಣಿ ಯಾರ ಹೆಸರಿನಲ್ಲಿದೆ? ಸತ್ತ ಗಂಡನ ಅಣ್ಣತಮ್ಮಂದಿರ ಹೆಸರಿನಲ್ಲಿ. ತವರಿನವರು ಇನ್ನೊಬ್ಬ ಮಗಳ ಮದುವೆಯ ಚಿಂತೆಯಲ್ಲಿ ದೂರ ಸರಿದಿರುತ್ತಾರೆ. ಬಳ್ಳಾರಿ ನಗರದಲ್ಲಿ ಜೀನ್ಸ್ ಹೊಲಿದು ದಿನದ ಕೂಲಿ ಎಣಿಸುವವಳಿಗಾಗಲಿ, ಸಿರುಗುಪ್ಪದಲ್ಲಿ ನಾಟಿ ಹಚ್ಚುವವಳಿಗಾಗಲಿ ಸ್ವಂತದ ಹೆಸರಿನಲ್ಲಿ ಗೇಣು ನೆಲವಿರುವುದು ಅಪರೂಪ. ಬಡ ಕೈದಿಗಳ ಜಾಮೀನಿಗೆ ನೆರವಾಗುವ ಕೇಂದ್ರದ ಯೋಜನೆ 2023ರಲ್ಲಿ ಬಂತು, ಆಗ ನೆರವಿನ ಮಿತಿ 40,000 ರೂಪಾಯಿ ಇತ್ತು. ಹಣ ಸಿಕ್ಕರೂ ಮನುಷ್ಯ ಸಿಗಬೇಕಲ್ಲ. ಮೊದಲ ಬಾರಿಯ ಆರೋಪಿಗಳು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗ ಕಳೆದರೆ ಬಿಡುಗಡೆ ಮಾಡಬೇಕೆಂಬ ಹೊಸ ಸಂಹಿತೆಯ 479ನೆಯ ಕಲಮು ಒಳ್ಳೆಯದೇ. ಆದರೆ ಜೀವಾವಧಿ ಶಿಕ್ಷೆಯ ಆರೋಪಗಳಿಗೆ ಅದು ಅನ್ವಯಿಸದು. ನಾನು ಹೇಳುತ್ತಿರುವ ಹೆಂಗಸರೆಲ್ಲ ಆ ಗೆರೆಯ ಆಚೆಗಿದ್ದಾರೆ.

ಶಿಕ್ಷೆಯಾದ ಮೇಲಿನ ಕಥೆ ಇನ್ನೂ ವಿಚಿತ್ರ. ಪೆರೋಲಿಗೂ ಅವಧಿಪೂರ್ವ ಬಿಡುಗಡೆಗೂ ಊರಿನಿಂದ ಪೊಲೀಸ್ ವರದಿ ತರಿಸುತ್ತಾರೆ. ಊರೆಂದರೆ ದಾಖಲೆಯಲ್ಲಿ ಗಂಡನ ಊರು. ಸಂತ್ರಸ್ತ ಕುಟುಂಬವೆಂದರೆ ಅವಳ ಅತ್ತೆ, ಭಾವ, ಮೈದುನ. ಇವಳು ಹೊರಗೆ ಬಂದರೆ ಶಾಂತಿಭಂಗವಾದೀತು ಎಂಬ ಒಂದು ಸಾಲು ಕಡತದಲ್ಲಿ ಸೇರಲು ಅಷ್ಟು ಸಾಕು. 2022ರ ಆಗಸ್ಟ್ 15ರಂದು ಗುಜರಾತಿನಲ್ಲಿ ಬಿಲ್ಕಿಸ್ ಬಾನು ಪ್ರಕರಣದ ಹನ್ನೊಂದು ಅಪರಾಧಿಗಳನ್ನು 'ಸನ್ನಡತೆ'ಯ ಹೆಸರಿನಲ್ಲಿ ಬಿಟ್ಟದ್ದನ್ನೂ, 2024ರ ಜನವರಿ 8ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಪಡಿಸಿದ್ದನ್ನೂ ಓದುಗರು ಮರೆತಿಲ್ಲ. ಶಿಕ್ಷೆ ಮಾಫಿಯ ಅಧಿಕಾರ ಯಾರ ಕಡೆಗೆ ಸುಲಭವಾಗಿ ವಾಲುತ್ತದೆಂಬುದಕ್ಕೆ ಬೇರೆ ಉದಾಹರಣೆ ಬೇಡ.

ಹೆಂಗಸರೆಲ್ಲ ಅಮಾಯಕರೇ ಎಂಬ ಪ್ರಶ್ನೆ ಈಗ ಎದ್ದಿರಬೇಕು. 2025ರಲ್ಲಿ ಮೀರತ್ತಿನ ನೀಲಿ ಡ್ರಮ್ಮಿನ ಸುದ್ದಿ ವಾರಗಟ್ಟಲೆ ಟಿ.ವಿ. ಪರದೆ ತುಂಬಿತ್ತು. ಆಸ್ತಿಗಾಗಿ, ಪ್ರಿಯಕರನಿಗಾಗಿ ಕೊಂದವರೂ ಇದ್ದಾರೆ. ಸೊಸೆಯನ್ನು ಸುಟ್ಟ ಅತ್ತೆಯರೂ ಅದೇ ಮಹಿಳಾ ವಿಭಾಗದಲ್ಲಿದ್ದಾರೆ. ಅವರ ಪರ ವಕಾಲತ್ತು ನನ್ನದಲ್ಲ. ಆದರೆ ಇವರನ್ನೂ ಅವರನ್ನೂ ಬೇರ್ಪಡಿಸುವುದು ಹೇಗೆ? ವಿಚಾರಿಸಿ ನೋಡಿದರೆ ತಾನೆ? ಸುಳ್ಳು ಹೇಳುವವಳು ಸಿಕ್ಕಿಬೀಳುವುದೂ ಅದೇ ವಿಚಾರಣೆಯಲ್ಲಿ. ಊರಿನ ಹತ್ತು ಮಂದಿಯ ಮುಂದೆ ವರ್ಷಗಟ್ಟಲೆಯ ಹಿಂಸೆಯನ್ನು ಕಲ್ಪಿಸಿ ಹೇಳಿ ದಕ್ಕಿಸಿಕೊಳ್ಳುವುದು ಸುಲಭವಲ್ಲವೆಂದು ಪಂಚನಾಮೆ ಮಾಡಿದ ಯಾವ ತಹಶೀಲ್ದಾರರೂ ಹೇಳಿಯಾರು.

ಆದ್ದರಿಂದ ನನ್ನ ಸೂಚನೆ ಸಣ್ಣದು. ಗಂಡನನ್ನೋ ಅವನ ಬಂಧುವನ್ನೋ ತನ್ನದೇ ಮಕ್ಕಳನ್ನೋ ಕೊಂದ ಆರೋಪ ಮಹಿಳೆಯ ಮೇಲೆ ಬಂದಾಗ, ಅರವತ್ತು ದಿನಗಳೊಳಗೆ ಅವಳ ಪೂರ್ವಚರಿತ್ರೆಯ ವರದಿಯೊಂದು ತಯಾರಾಗಬೇಕು. ತಯಾರಿಸಲು ಹೊಸ ಹುದ್ದೆ ಬೇಕಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಸಂರಕ್ಷಣಾಧಿಕಾರಿಗಳು ನಮ್ಮ ರಾಜ್ಯದಲ್ಲಿ ತಾಲ್ಲೂಕಿಗೊಬ್ಬರಂತೆ ಇದ್ದಾರೆ. ಅವರು ಮೂಲತಃ ಅಂಗನವಾಡಿಗಳ ಹೊಣೆ ಹೊತ್ತ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು, ಕೈತುಂಬ ಕೆಲಸವಿದೆ ಎಂಬುದು ನಿಜ. ಆದರೆ ಇಂಥ ಪ್ರಕರಣಗಳು ದಿನಕ್ಕೊಂದು ಬರುವಂಥವಲ್ಲ. ಹುಡುಕಬೇಕಾದ ದಾಖಲೆಗಳೂ ಗೊತ್ತಿರುವಂಥವೇ: ಠಾಣೆಯಲ್ಲಿ ಅರ್ಜಿ ವಿಚಾರಣೆಯೆಂದು ಮುಗಿಸಿ ಬರೆಸಿಕೊಂಡ ರಾಜಿ ಮುಚ್ಚಳಿಕೆ, ಸಾಂತ್ವನ ಕೇಂದ್ರದ ರಿಜಿಸ್ಟರು, 'ಜಾರಿ ಬಿದ್ದೆ' ಎಂದು ಆಸ್ಪತ್ರೆಯಲ್ಲಿ ಬರೆಸಿದ ಗಾಯದ ಚೀಟಿ, ಆಶಾ ಕಾರ್ಯಕರ್ತೆಯ ಹೇಳಿಕೆ, ತವರಿನ ನೆರೆಹೊರೆ.

ಒಂದು ಷರತ್ತು ಮಾತ್ರ ಅಗತ್ಯ. ಮೇಲೆ ಹೇಳಿದ ತೊಡಕಿನ ಕಾರಣಕ್ಕೆ ಈ ವರದಿ ಮೊದಲು ಸೇರಬೇಕಾದದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಅವಳ ವಕೀಲರ ಕೈಯನ್ನು. ಅದನ್ನು ನ್ಯಾಯಾಲಯದಲ್ಲಿ ಮಂಡಿಸಬೇಕೋ ಬೇಡವೋ ಎಂಬ ನಿರ್ಧಾರ ಅವಳದು. ಪೊಲೀಸರ ಕೈಗೆ ಕೊಟ್ಟರೆ ಅದು ಮತ್ತೊಂದು ದೋಷಾರೋಪ ಪಟ್ಟಿಯಾಗುತ್ತದೆ.

ಇದು ಅಸಾಧ್ಯದ ಮಾತೇನಲ್ಲ. ಮರಣದಂಡನೆಯ ಪ್ರಕರಣಗಳಲ್ಲಿ ಆರೋಪಿಯ ಕುಟುಂಬ, ಬಾಲ್ಯ, ಅನುಭವಿಸಿದ ಹಿಂಸೆ ಇವುಗಳ ವರದಿ ತರಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟು 2022ರ ಮೇ ತಿಂಗಳಲ್ಲಿ ಮನೋಜ್ ಪ್ರಕರಣದಲ್ಲಿ ವಿಧಿಸಿದೆ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸಮಿತಿ 1987ರಷ್ಟು ಹಿಂದೆಯೇ ಮಹಿಳಾ ಕೈದಿಗಳ ಸ್ಥಿತಿಗತಿಯನ್ನು ಪ್ರತ್ಯೇಕವಾಗಿ ಪರಿಶೀಲಿಸಿ ವರದಿ ಕೊಟ್ಟಿತ್ತು. ವಿಶ್ವಸಂಸ್ಥೆ 2010ರಲ್ಲಿ ಅಂಗೀಕರಿಸಿದ ಬ್ಯಾಂಕಾಕ್ ನಿಯಮಗಳ 61ನೆಯದು ಶಿಕ್ಷೆ ವಿಧಿಸುವಾಗ ಮಹಿಳೆಯ ಹಿನ್ನೆಲೆಯನ್ನು ಪರಿಗಣಿಸುವ ಅಧಿಕಾರ ನ್ಯಾಯಾಲಯಕ್ಕಿರಬೇಕೆನ್ನುತ್ತದೆ. ನ್ಯೂಯಾರ್ಕ್ ರಾಜ್ಯ 2019ರ ಕಾಯ್ದೆಯಿಂದ, ಈಗಾಗಲೇ ಶಿಕ್ಷೆ ಅನುಭವಿಸುತ್ತಿರುವ ಹಿಂಸಾ ಸಂತ್ರಸ್ತರೂ ಶಿಕ್ಷೆಯ ಮರುಪರಿಶೀಲನೆ ಕೋರಬಹುದೆಂದು ಮಾಡಿದೆ.

ಈಗಾಗಲೇ ಒಳಗಿರುವವರ ವಿಷಯ ಉಳಿಯಿತು. ಕೊಲೆಯ ಜೀವಾವಧಿ ಕೈದಿಯನ್ನು ಹದಿನಾಲ್ಕು ವರ್ಷಕ್ಕೆ ಮುಂಚೆ ಬಿಡಬಾರದೆಂಬ ಕಟ್ಟುಪಾಡು ಇದ್ದರೂ, ಅದು ಸಂವಿಧಾನದ 161ನೆಯ ವಿಧಿಯಂತೆ ರಾಜ್ಯಪಾಲರಿಗಿರುವ ಕ್ಷಮಾಧಿಕಾರವನ್ನು ಕಟ್ಟಿಹಾಕದೆಂದು ಸುಪ್ರೀಂ ಕೋರ್ಟು 1980ರಲ್ಲೇ ಮಾರು ರಾಮ್ ಪ್ರಕರಣದಲ್ಲಿ ಹೇಳಿದೆ. ಸಚಿವ ಸಂಪುಟ ಮನಸ್ಸು ಮಾಡಿದರೆ ಇಂಥ ಪ್ರಕರಣಗಳನ್ನು ಒಂದೊಂದಾಗಿ ಪರಿಶೀಲಿಸಲು ಅಡ್ಡಿಯಿಲ್ಲ. ಅದಕ್ಕೂ ಮುಂಚೆ ಆಗಬಹುದಾದ ಕೆಲಸವೊಂದಿದೆ. ಬಳ್ಳಾರಿ ಜಿಲ್ಲೆಯ ಮೇಲ್ಮನವಿಗಳು ಹೋಗುವುದು ಇನ್ನೂರು ಕಿಲೋಮೀಟರಿಗೂ ದೂರದ ಧಾರವಾಡದ ಹೈಕೋರ್ಟು ಪೀಠಕ್ಕೆ. ಮೇಲ್ಮನವಿಯ ಹಂತದಲ್ಲೂ ಹೆಚ್ಚಿನ ಸಾಕ್ಷ್ಯ ಪಡೆಯುವ ಅಧಿಕಾರ ಹೈಕೋರ್ಟಿಗಿದೆ. ಅಲ್ಲಿನ ಕಾನೂನು ಸೇವಾ ಸಮಿತಿ ಬಾಕಿಯಿರುವ ಮಹಿಳೆಯರ ಕ್ರಿಮಿನಲ್ ಮೇಲ್ಮನವಿಗಳ ಪಟ್ಟಿ ಮಾಡಿ, ಪ್ರತಿಯೊಬ್ಬಳ ಬಳಿಗೂ ಒಬ್ಬ ವಕೀಲೆಯನ್ನು, ಅವಳ ಭಾಷೆ ಬಲ್ಲವರನ್ನು, ಒಂದು ಪೂರ್ತಿ ದಿನದ ಮಟ್ಟಿಗೆ ಜೈಲಿಗೆ ಕಳಿಸಬಹುದು. ಪಟ್ಟಿ ಉದ್ದವಿರಲಾರದು. ಮುಂದಿನ ರಜಾಕಾಲದೊಳಗೆ ಮುಗಿಯುವ ಕೆಲಸ.